ಬೆಂಕಿ ಕಾಯುವವರು ಯಾರು ಎಂದು ಮೊದಲು ಕೇಳು

ಮಗಳೇ,

ಬಣ್ಣದ ಘಟಕದ ಡೀಸೆಲ್ ಬಾಯ್ಲರ್ ತೆಗೆಸಿ ಸೌದೆಯದ್ದು ಹಾಕಿಸುವ ಮಾತು ನಿಮ್ಮ ಮನೆಯಲ್ಲಿ ನಡೆಯುತ್ತಿದೆ ಎಂದು ನಿಮ್ಮಪ್ಪ ಹೇಳಿದ. ಮೂರು ಕಂಪನಿಗಳ ಕೊಟೇಶನ್ ತರಿಸಿಟ್ಟುಕೊಂಡು, ಇದರಲ್ಲಿ ಯಾವುದು ಒಳ್ಳೆಯದು ದೊಡ್ಡಪ್ಪ ಎಂದು ಕೇಳಿದ್ದೀಯ. ಬಾಯ್ಲರ್ ಮುಂದೆ ನಿಂತೇ ಸಂಸಾರ ಸಾಕಿದವನು ನಾನು. ನಿನ್ನ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಂಡರೆ ತಪ್ಪಾಗುತ್ತದೆ. ಆ ಮೂರೂ ಕಾಗದವನ್ನು ಸದ್ಯಕ್ಕೆ ಬೀರುವಿನಲ್ಲಿಡು. ಬಾಯ್ಲರ್ ಆರಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಸೌದೆ ಎಲ್ಲಿಂದ ಬರುತ್ತದೆ, ಎಲ್ಲಿ ಒಣಗುತ್ತದೆ, ಬೆಂಕಿಯ ಮುಂದೆ ನಿಲ್ಲುವವರು ಯಾರು ಎನ್ನುವುದು ಇತ್ಯರ್ಥವಾಗಬೇಕು. ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಕಂಪನಿಯ ಬಾಯ್ಲರ್ ಆದರೂ ನಿನ್ನನ್ನು ಕಾಪಾಡುತ್ತದೆ. ಸಿಗದಿದ್ದರೆ ಎಷ್ಟು ದುಬಾರಿಯದ್ದು ತಂದರೂ ನಷ್ಟವೇ.

ನೀನು ಯೋಚಿಸಿದ್ದರಲ್ಲಿ ತಪ್ಪೇನೂ ಇಲ್ಲ. ಎಣ್ಣೆ ಸುಟ್ಟು ನೀರು ಕಾಯಿಸುವ ಕಾಲ ನಮ್ಮ ಕಡೆ ಮುಗಿಯುತ್ತಾ ಬಂದಿದೆ. ನಿಮ್ಮ ಯಲಹಂಕದಲ್ಲೇ ನೋಡು, 1993ರಲ್ಲಿ ಶುರುವಾದ ಕರ್ನಾಟಕ ವಿದ್ಯುತ್ ನಿಗಮದ ಡೀಸೆಲ್ ಸ್ಥಾವರ ಒಂದು ಕಾಲದಲ್ಲಿ ಊರಿಗೆ ಹೆಮ್ಮೆ. ಎಣ್ಣೆಯಿಂದ ಕರೆಂಟು ತೆಗೆಯುವುದು ದುಬಾರಿಯಾಯಿತು, ಅದು ನಿಂತಿತು. ಈಗ ಅಲ್ಲಿ 370 ಮೆಗಾವಾಟಿನ ಗ್ಯಾಸ್ ಸ್ಥಾವರ ಬಂದಿದೆ. ಸರ್ಕಾರದ ನಿಗಮಕ್ಕೇ ಕಟ್ಟದ ಲೆಕ್ಕ ರೇಷ್ಮೆ ನೂಲಿಗೆ ಬಣ್ಣ ಹಾಕುವ ನಿನ್ನ ಸಣ್ಣ ಘಟಕಕ್ಕೆ ಹೇಗೆ ಕಟ್ಟೀತು? ಡೀಸೆಲ್ ಲೀಟರಿಗೆ 90 ರೂಪಾಯಿ ದಾಟಿದೆ. ಮಗ್ಗದವರು ಕೆಜಿ ನೂಲಿಗೆ ಕೊಡುವ ಕೂಲಿ ಆ ವೇಗದಲ್ಲಿ ಏರಿಲ್ಲ.

ಹಾಗೆಂದು ಸೌದೆ ಅಗ್ಗ ಎಂಬ ಒಂದೇ ಕಾರಣಕ್ಕೆ ಹೊರಡಬೇಡ. ಲೆಕ್ಕ ಮಾಡುವುದನ್ನು ಕಲಿತುಕೋ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 8,500 ಕಿಲೊಕ್ಯಾಲೊರಿ ಶಾಖ ಇರುತ್ತದೆ. ಒಳ್ಳೆಯ ಎಣ್ಣೆ ಬಾಯ್ಲರ್ ಅದರಲ್ಲಿ ನೂರಕ್ಕೆ 85ರಷ್ಟನ್ನು ನೀರಿಗೆ ಕೊಡುತ್ತದೆ. ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು ಒತ್ತಿ ಮಾಡಿದ ಬ್ರಿಕೆಟ್ ಕೆಜಿಗೆ 3,800ರ ಆಸುಪಾಸು ಕೊಡುತ್ತದೆ, ಸಣ್ಣ ಸೌದೆ ಬಾಯ್ಲರ್ ಅದರಲ್ಲಿ ನೂರಕ್ಕೆ 70ರಷ್ಟನ್ನು ಹಿಡಿದುಕೊಂಡರೆ ಒಳ್ಳೆಯದೇ. ಅಂದರೆ ಒಂದು ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ ಎರಡು ಮುಕ್ಕಾಲು ಕೆಜಿ ಬ್ರಿಕೆಟ್ ಬೇಕು. ಚೆನ್ನಾಗಿ ಒಣಗಿದ ಸೌದೆಯಾದರೆ ಮೂರರಿಂದ ಮೂರೂವರೆ ಕೆಜಿ. ಹಸಿ ಸೌದೆಯಾದರೆ ಐದು ಕೆಜಿಗೂ ಮೇಲೆ.

ನಿನ್ನ ಘಟಕದಲ್ಲಿ ದಿನಕ್ಕೆ 100 ಲೀಟರ್ ಡೀಸೆಲ್ ಉರಿಯುತ್ತದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಬದಲು ದಿನಕ್ಕೆ 275 ಕೆಜಿ ಬ್ರಿಕೆಟ್. ಕೆಜಿಗೆ 8 ರೂಪಾಯಿ ಎಂದು ಹಿಡಿದರೂ 2,200 ರೂಪಾಯಿ. ಡೀಸೆಲ್‌ಗೆ 9,000ಕ್ಕೂ ಹೆಚ್ಚು. ಸೇಲ್ಸ್‌ನವರು ನಿನ್ನ ಮುಂದೆ ಇಟ್ಟಿರುವುದು ಇಷ್ಟೇ ಲೆಕ್ಕ, ಅದು ಸುಳ್ಳೂ ಅಲ್ಲ. ಆದರೆ ಆ ಕಾಗದದಲ್ಲಿ ಇಲ್ಲದ್ದನ್ನು ನೀನೇ ಬರೆದುಕೊಳ್ಳಬೇಕು: ಬೆಂಕಿ ನೋಡಿಕೊಳ್ಳುವವನ ಸಂಬಳ, ಸೌದೆ ಇಳಿಸಿ ಜೋಡಿಸುವ ಕೂಲಿ, ಶೆಡ್ಡು, ಫ್ಯಾನುಗಳ ಕರೆಂಟು, ಬೂದಿ ಸಾಗಿಸುವ ಖರ್ಚು, ವಾರಕ್ಕೊಮ್ಮೆ ಟ್ಯೂಬ್ ಉಜ್ಜಲು ನಿಲ್ಲಿಸುವ ಗಂಟೆಗಳು, ಚಿಮಣಿ, ಹೊಗೆಯ ಧೂಳು ಹಿಡಿಯುವ ಸೈಕ್ಲೋನು. ಇವೆಲ್ಲ ಕಳೆದ ಮೇಲೂ ಉಳಿತಾಯ ಇರುತ್ತದೆ. ಆ ಉಳಿತಾಯ ಎಷ್ಟು ದೊಡ್ಡದು ಎಂಬುದನ್ನು ನಿರ್ಧರಿಸುವುದು ಬಾಯ್ಲರ್ ಅಲ್ಲ, ಅದರ ಸುತ್ತ ನೀನು ಕಟ್ಟುವ ಶಿಸ್ತು.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೋ: ನಿನಗೆ ಎಷ್ಟು ಸ್ಟೀಮ್ ಬೇಕು? ಈಗಿರುವುದು ಗಂಟೆಗೆ 300 ಕೆಜಿ ಆವಿಯ ಬಾಯ್ಲರ್. ಕೊಟೇಶನ್‌ನಲ್ಲಿ 500 ಕೆಜಿಯದ್ದು ಬರೆದಿದ್ದಾರೆ, ಮುಂದೆ ಬೆಳೆಯುತ್ತೀರಲ್ಲ ಎಂದಿದ್ದಾರೆ. ದಿನಕ್ಕೆ 100 ಲೀಟರ್ ಡೀಸೆಲ್ ಎಂಟು ಗಂಟೆಯಲ್ಲಿ ಉರಿದರೆ ಸರಾಸರಿ ಹುಟ್ಟುವುದು ಗಂಟೆಗೆ 150 ಕೆಜಿಗಿಂತ ಕಡಿಮೆ ಆವಿ. ಎಣ್ಣೆ ಬಾಯ್ಲರ್‌ಗೆ ಇದು ದೊಡ್ಡ ತೊಂದರೆಯಲ್ಲ, ಪ್ರೆಷರ್ ಬಂದರೆ ಬರ್ನರ್ ತಾನೇ ನಿಲ್ಲುತ್ತದೆ, ಇಳಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸೌದೆಯ ಬೆಂಕಿ ಹಾಗಲ್ಲ. ದೊಡ್ಡ ಒಲೆಯಲ್ಲಿ ಸಣ್ಣ ಕೆಲಸ ಮಾಡಿಸಿದರೆ ಅದು ಉರಿಯುವುದಿಲ್ಲ, ಹೊಗೆಯಾಡುತ್ತದೆ. ಟ್ಯೂಬಿಗೆ ಮಸಿ ಮತ್ತು ಟಾರು ಹಿಡಿಯುತ್ತದೆ, ಸೌದೆ ದಂಡವಾಗುತ್ತದೆ. ಹದಿನೈದು ದಿನ ಫೀಡ್ ನೀರಿನ ಪೈಪಿಗೆ ಒಂದು ಮೀಟರ್ ಕೂರಿಸಿ ಗಂಟೆಗಂಟೆಗೆ ಬರೆದಿಡು. ಬೆಳಿಗ್ಗೆ ಅಂಟು ತೆಗೆಯುವ ತೊಟ್ಟಿ ಕುದಿಯುವಾಗ ಎಷ್ಟು, ಬಣ್ಣದ ತೊಟ್ಟಿ ನಿಧಾನ ಕಾಯುವಾಗ ಎಷ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಎಷ್ಟು. ಬಾಯ್ಲರಿನ ಅಳತೆಯನ್ನು ಆ ಪುಸ್ತಕ ಹೇಳುತ್ತದೆ.

ಅದೇ ಪುಸ್ತಕ ಇನ್ನೊಂದು ವಿಷಯವನ್ನೂ ಹೇಳಬಹುದು. ರೇಷ್ಮೆಯ ಅಂಟು ತೆಗೆಯುವುದು 90–95 ಡಿಗ್ರಿಯಲ್ಲಿ, ಬಣ್ಣ ಹಿಡಿಸುವುದು ಅದಕ್ಕೂ ಕೆಳಗೆ. ಎರಡೂ ಕುದಿಯುವ ಬಿಂದುವಿಗಿಂತ ಕಡಿಮೆ. ಹಾಗಾದರೆ ನಿನಗೆ ಬೇಕಿರುವುದು ಬಹುಪಾಲು ಬಿಸಿನೀರು, ಪ್ರೆಷರಿನ ಆವಿ ಅಲ್ಲ. ಸೌದೆಯಿಂದ ಬಿಸಿನೀರು ಕಾಯಿಸುವ ಹಾಟ್ ವಾಟರ್ ಜನರೇಟರ್ ಒಂದನ್ನಿಟ್ಟು, ದಪ್ಪನೆಯ ಹೊದಿಕೆಯ ದೊಡ್ಡ ಟ್ಯಾಂಕಿನಲ್ಲಿ ನೀರು ತುಂಬಿಟ್ಟುಕೊಂಡರೆ, ಆವಿ ಬೇಕಾಗುವುದು ಕೊನೆಯ ಹತ್ತು ಡಿಗ್ರಿಗೆ ಮಾತ್ರ. ಅದಕ್ಕೆ ಈಗಿರುವ ಹಳೆಯ ಡೀಸೆಲ್ ಬಾಯ್ಲರೇ ಸಾಕು. ಬೆಂಗಳೂರಿನ ತಾರಸಿಗಳಲ್ಲೆಲ್ಲ ಸೋಲಾರ್ ವಾಟರ್ ಹೀಟರ್ ಇದೆ, ನಿನ್ನ ಶೆಡ್ಡಿನ ಮೇಲೂ ಬಿಸಿಲಿಗೆ ಬರವಿಲ್ಲ. ಬಾಯ್ಲರಿಗೆ ಹೋಗುವ ನೀರು ಪ್ರತಿ 6 ಡಿಗ್ರಿ ಬಿಸಿಯಾಗಿ ಹೋದರೆ ಇಂಧನದಲ್ಲಿ ನೂರಕ್ಕೆ ಒಂದು ಪಾಲು ಉಳಿಯುತ್ತದೆ ಎನ್ನುವುದು ನಮ್ಮ ಕಸುಬಿನ ಹಳೆಯ ಲೆಕ್ಕ. ಬೋರ್‌ವೆಲ್ಲಿನ 25 ಡಿಗ್ರಿ ನೀರನ್ನು ಬಿಸಿಲೇ 55ಕ್ಕೆ ತಂದುಕೊಟ್ಟರೆ ನೂರಕ್ಕೆ ಐದು ಪಾಲು ಪುಕ್ಕಟೆ. ತೊಟ್ಟಿಯಲ್ಲಿ ಆವಿ ಹರಿಯುವ ಕಾಯಿಲ್‌ನಿಂದ ಹೊರಬರುವ ಬಿಸಿನೀರನ್ನು ಚರಂಡಿಗೆ ಬಿಡುತ್ತಿದ್ದೀರಿ, ಅದನ್ನು ವಾಪಸ್ ಫೀಡ್ ಟ್ಯಾಂಕಿಗೆ ತಿರುಗಿಸು. ಬೇಕಾದ ಶಾಖವನ್ನೇ ಮೊದಲು ಕಡಿಮೆ ಮಾಡಿಕೊಂಡರೆ ಸಣ್ಣ ಬಾಯ್ಲರ್ ಸಾಕಾಗುತ್ತದೆ, ಸೌದೆಯೂ ಕಡಿಮೆ, ಹೊಗೆಯೂ ಕಡಿಮೆ.

ಈಗ ಸೌದೆಯ ಮಾತು. ನಮ್ಮ ಉತ್ತರ ದಿಕ್ಕಿಗೆ ಸೌದೆ ಅಂದರೆ ನೀಲಗಿರಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ಆಚೆಗೆ ಕೋಲಾರದವರೆಗೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ತೋಪು ಎದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಮ್ಮೆ ನೆಟ್ಟರೆ ಕಡಿದಷ್ಟೂ ಚಿಗುರುತ್ತದೆ, ಕಾವಲು ಬೇಡ, ದನ ತಿನ್ನುವುದಿಲ್ಲ. ಆದರೆ ಅಂತರ್ಜಲ ಪಾತಾಳಕ್ಕೆ ಇಳಿದಿರುವ ಸೀಮೆಯಲ್ಲಿ ಅದು ನೀರು ಹೀರುತ್ತದೆ ಎಂಬ ದೂರು ಬಲವಾಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡುವುದನ್ನು ನಿಷೇಧಿಸಿತು. ಇನ್ನೊಂದು ಕಡೆ 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ತೋಪಿದ್ದ ಜಾಗ ಲೇಔಟ್ ಆಗುತ್ತಿದೆ. ಇವತ್ತು ಹತ್ತಿರದ ತೋಪಿನಿಂದ ಸಿಗುವ ಸೌದೆ ಇನ್ನು ಹತ್ತು ವರ್ಷಕ್ಕೂ ಅಲ್ಲೇ ಸಿಗುತ್ತದೆ ಎಂದು ನಂಬಿ ಬಾಯ್ಲರ್ ಕೊಳ್ಳಬೇಡ. ದೂರದಿಂದ ಲಾರಿಯಲ್ಲಿ ತರಿಸಿದರೆ ನೀನು ಉಳಿಸಿದ ಡೀಸೆಲ್ ಲಾರಿಯ ಟ್ಯಾಂಕಿನಲ್ಲಿ ಉರಿಯುತ್ತದೆ.

ಅದಕ್ಕೇ ನನ್ನ ಒಲವು ಹೊಲದಲ್ಲಿ ಉಳಿಯುವ ಕಸದ ಕಡೆಗೆ. ಶಿಡ್ಲಘಟ್ಟ, ವಿಜಯಪುರದ ಕಡೆ ಸೊಪ್ಪು ತಿನ್ನಿಸಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಇದೆ, ನೂಲು ಬಿಚ್ಚಾಣಿಕೆ ಮಾಡುವವರು ಅದನ್ನು ಒಲೆಗೆ ಹಾಕುತ್ತಲೇ ಬಂದಿದ್ದಾರೆ. ಚಳ್ಳಕೆರೆ, ಪಾವಗಡದ ಕಡೆಯ ಕಡಲೆಕಾಯಿ ಸಿಪ್ಪೆ, ಸಾಮಿಲ್ಲಿನ ಹೊಟ್ಟು, ಹಾಸನ–ಚಿಕ್ಕಮಗಳೂರಿನ ಕಾಫಿ ಹೊಟ್ಟು ಬ್ರಿಕೆಟ್ ಆಗಿ ಬರುತ್ತದೆ. ಇದಕ್ಕೆ ನಿಂತ ಮರ ಕಡಿಯಬೇಕಾಗಿಲ್ಲ. ಆದ್ದರಿಂದ ಬಾಯ್ಲರ್ ಆರಿಸುವಾಗ ಒಂದೇ ಜಾತಿಯ ಇಂಧನ ನುಂಗುವಂಥದ್ದನ್ನು ತರಬೇಡ. ಸೌದೆ ತುಂಡನ್ನೂ ಬ್ರಿಕೆಟ್ಟನ್ನೂ ಕಡ್ಡಿ ಕಂತೆಯನ್ನೂ ತಿನ್ನುವಷ್ಟು ಅಗಲದ ಬಾಗಿಲು, ಆಳದ ಒಲೆ, ಕೆಳಗೆ ಎರಕದ ಜಾಲರಿ ಇರುವಂಥದ್ದನ್ನು ಕೇಳು. ಭತ್ತದ ಹೊಟ್ಟು ಅಗ್ಗವೆಂದು ಯಾರಾದರೂ ಹೇಳಿದರೆ ನಿನ್ನ ಬಾಯ್ಲರಿಗೆ ಹಾಕಿಸಬೇಡ. ಅದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಬೂದಿ, ಆ ಬೂದಿಯಲ್ಲಿ ಸಿಲಿಕಾ. ಅದಕ್ಕೆ ಬೇರೆಯದೇ ಬಗೆಯ ಒಲೆ ಬೇಕು.

ಮಾಲು ಬಂದ ಲಾರಿಯ ಮುಂದೆ ನಿಂತು ನೋಡುವುದನ್ನು ನೀನೇ ಕಲಿ, ಮ್ಯಾನೇಜರ್ ಮೇಲೆ ಬಿಡಬೇಡ. ಈಗತಾನೆ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ನೂರಕ್ಕೆ 40 ಪಾಲು ನೀರಿರುವ ಒಂದು ಟನ್ ಸೌದೆ ಕೊಂಡರೆ 400 ಕೆಜಿ ನೀರಿಗೆ ದುಡ್ಡು ಕೊಟ್ಟೆ ಎಂದಾಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಆ ನೀರನ್ನು ಆವಿ ಮಾಡಿ ಚಿಮಣಿಯಿಂದ ಓಡಿಸಲು ಉಳಿದ ಸೌದೆಯನ್ನೂ ಸುಡಬೇಕು. ಒಣ ಸೌದೆಯ ಕೊಯ್ದ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಹರಿದಿರುತ್ತದೆ, ತೊಗಟೆ ಕೈಯಲ್ಲೇ ಕಿತ್ತು ಬರುತ್ತದೆ, ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಖಣಿ ಎನ್ನುತ್ತದೆ. ಹಸಿಯದು ದಬ್ ಎನ್ನುತ್ತದೆ. ಸಂಶಯ ಬಂದರೆ ಒಂದು ತುಂಡನ್ನು ಸೀಳಿ ಒಳಗಿನ ಚಕ್ಕೆ ಒಂದು ಕೆಜಿ ತೂಗಿ, ಬಾಯ್ಲರಿನ ಬಿಸಿ ಜಾಗದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗು. ಕಳೆದುಹೋದ ತೂಕವೇ ನೀರು. 200 ಗ್ರಾಂಗಿಂತ ಹೆಚ್ಚು ಕಳೆದರೆ ಆ ಮಾಲನ್ನು ಹಾಗೇ ಉರಿಸಬೇಡ, ರೇಟು ಇಳಿಸಿಕೊಂಡು ಒಣಗಲು ಹಾಕು.

ಬ್ರಿಕೆಟ್‌ಗೆ ಬೇರೆ ಪರೀಕ್ಷೆ. ಗಟ್ಟಿಯಾಗಿ ಒತ್ತಿದ್ದು ನೀರಿಗೆ ಹಾಕಿದರೆ ಮುಳುಗುತ್ತದೆ, ಸಡಿಲವಾಗಿದ್ದದ್ದು ತೇಲುತ್ತದೆ. ತೂಕ ಬರಲೆಂದು ಮಣ್ಣು ಬೆರೆಸುವವರೂ ಇದ್ದಾರೆ. ಒಂದು ಕೆಜಿ ಸುಟ್ಟು ಬೂದಿ ತೂಗು. ಮರದ ಹೊಟ್ಟಿನದಾದರೆ ಒಂದೆರಡು ಚಮಚ ಬೂದಿ ಉಳಿಯಬೇಕು, ಕಡಲೆಕಾಯಿ ಸಿಪ್ಪೆಯದಾದರೆ ಐವತ್ತು ಗ್ರಾಂ ಆಸುಪಾಸು. ನೂರೈವತ್ತು, ಇನ್ನೂರು ಗ್ರಾಂ ಉಳಿದರೆ ಅದು ಮಣ್ಣು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಬಿಟ್ಟು ಬೇರೆ ಮರದ ದಿಮ್ಮಿ ಬಂದರೆ ಎಲ್ಲಿಯದು ಎಂದು ಕೇಳು, ಕಾಗದ ತೋರಿಸಲಿ. ರಸ್ತೆ ಬದಿಯ ಮರವನ್ನು ರಾತ್ರೋರಾತ್ರಿ ಕಡಿದು ಮಾರುವವರ ಮಾಲಿಗೆ ನಿನ್ನ ಒಲೆಯಲ್ಲಿ ಜಾಗ ಇರಬಾರದು.

ಜಾಗದ ಲೆಕ್ಕವನ್ನೂ ಹಾಕು. ತಿಂಗಳ ಡೀಸೆಲ್ ಎರಡೂವರೆ ಘನ ಮೀಟರಿನಲ್ಲಿ ಹಿಡಿಸುತ್ತದೆ. ಅದೇ ಶಾಖದ ಬ್ರಿಕೆಟ್‌ಗೆ ಸುಮಾರು ಹತ್ತು ಘನ ಮೀಟರ್, ಜೋಡಿಸಿದ ಸೌದೆಗೆ ಇಪ್ಪತ್ತಕ್ಕೂ ಹೆಚ್ಚು. ಮಳೆಗಾಲದಲ್ಲಿ ಬ್ರಿಕೆಟ್ ನೆನೆದರೆ ಕೆಲವೇ ನಿಮಿಷದಲ್ಲಿ ಹೊಟ್ಟಾಗಿ ಉದುರುತ್ತದೆ. ಶೀಟು ಹೊದಿಸಿದ, ನೆಲದಿಂದ ಒಂದಡಿ ಎತ್ತರದ, ಎರಡು ಕಡೆ ಗಾಳಿಯಾಡುವ ಶೆಡ್ಡು ಬೇಕು. ಒಂದು ತಿಂಗಳ ದಾಸ್ತಾನು ಒಣಗುತ್ತಿರಬೇಕು, ಇನ್ನೊಂದು ತಿಂಗಳದು ಉರಿಯುತ್ತಿರಬೇಕು. ಇಷ್ಟು ಜಾಗ ಹಳೇ ಯಲಹಂಕದ ನಿನ್ನ ಸೈಟಿನಲ್ಲಿ ಇಲ್ಲದಿದ್ದರೆ ಸೌದೆಯ ಆಸೆ ಬಿಡು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಗೇಲ್ ಗ್ಯಾಸ್‌ನ ಪೈಪು ನಿಮ್ಮ ಬೀದಿಗೆ ಬಂದಿದ್ದರೆ ಅದರ ಲೆಕ್ಕ ತೆಗೆಸು. ಇಕ್ಕಟ್ಟಾದ ಬೀದಿಗೆ ಗ್ಯಾಸೇ ಒಳ್ಳೆಯದು. ಸೌದೆ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಂಥ ಬಯಲು ಜಾಗದ ಸಂಗಾತಿ.

ಅಕ್ಕಪಕ್ಕದವರನ್ನೂ ನೆನೆ. ನಿಮ್ಮಪ್ಪ ಶೆಡ್ಡು ಹಾಕಿದಾಗ ಸುತ್ತ ತೋಟವಿತ್ತು. ಈಗ ಮೂರಂತಸ್ತಿನ ಮನೆಗಳು ಎದ್ದಿವೆ, ಬಾಲ್ಕನಿಯಲ್ಲಿ ಮಕ್ಕಳ ಬಟ್ಟೆ ಒಣಗುತ್ತದೆ. ಸಣ್ಣ ಬಾಯ್ಲರಿನ ಚಿಮಣಿಯೂ ಕನಿಷ್ಠ 9 ಮೀಟರ್ ಇರಬೇಕು, ಇಲ್ಲವೇ ಪಕ್ಕದ ಕಟ್ಟಡದ ಎತ್ತರದ ಎರಡೂವರೆ ಪಟ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು. ಪಕ್ಕದ ಮನೆ 10 ಮೀಟರ್ ಇದ್ದರೆ ಚಿಮಣಿ 25 ಮೀಟರ್ ಆಯಿತು. ಯಲಹಂಕದ ವಾಯುನೆಲೆ, ಜಕ್ಕೂರಿನ ವಿಮಾನಾಂಗಣ ಹತ್ತಿರವಿರುವಾಗ ಎತ್ತರಕ್ಕೂ ಕಟ್ಟುಪಾಡಿದೆ, ಅದನ್ನು ಮೊದಲೇ ವಿಚಾರಿಸು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಇಂಧನ ಬದಲಾವಣೆ ಬರೆಸಿಕೊಳ್ಳದೆ ಒಂದು ಕಡ್ಡಿಯನ್ನೂ ಉರಿಸಬೇಡ. ಕಾನೂನಿಗೆ ಹೆದರಿ ಹೇಳುತ್ತಿಲ್ಲ. ಆ ಬಾಲ್ಕನಿಯ ಮಗು ಕೆಮ್ಮುತ್ತಾ ಮಲಗಿದರೆ ನಿನ್ನ ಉಳಿತಾಯಕ್ಕೆ ಅರ್ಥವಿಲ್ಲ.

ಹೊಗೆ ಕಡಿಮೆ ಮಾಡುವುದು ನಿಜವಾಗಿ ಕೈಯ ಕೆಲಸ. ಯಶವಂತಪುರದ ಪಕ್ಕದ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ) 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಅಲ್ಲಿ ದೊಡ್ಡ ವಿದ್ವಾಂಸರು ಕೂತು ಮಾಡಿದರು, ಅಲ್ಲಿಂದ ಬಂದ ಅಸ್ತ್ರ ಒಲೆ ರಾಜ್ಯದ ಎಷ್ಟೋ ಅಡುಗೆಮನೆ ಸೇರಿತು. ಬೆಂಗಳೂರಿನ 'ಟೈಡ್' ಸಂಸ್ಥೆಯವರು ಇದೇ ಬಗೆಯ ತಿಳಿವಳಿಕೆಯನ್ನು ನೂಲು ಬಿಚ್ಚುವ, ಬಣ್ಣ ಹಾಕುವ ಸಣ್ಣ ಕಸುಬುಗಳ ಒಲೆಗೂ ತಂದರು. ಇವರೆಲ್ಲರ ಕೆಲಸದ ತಿರುಳು ಒಂದೇ: ಸೌದೆಗೆ ಸರಿಯಾದ ಜಾಗದಲ್ಲಿ ಸರಿಯಾದಷ್ಟು ಗಾಳಿ ಕೊಡು. ಜಾಲರಿಯ ಕೆಳಗಿನಿಂದ ಬರುವ ಗಾಳಿ ಕೆಂಡವನ್ನು ಉರಿಸುತ್ತದೆ. ಸೌದೆಯಿಂದ ಎದ್ದ ಗ್ಯಾಸು ಉರಿಯಬೇಕಾದರೆ ಮೇಲಿನಿಂದಲೂ ಗಾಳಿ ಬೇಕು. ಕೊಟೇಶನ್‌ನಲ್ಲಿ ಈ ಎರಡನೆಯ ಗಾಳಿಗೆ ಬೇರೆ ಡ್ಯಾಂಪರ್ ಇದೆಯೇ ನೋಡು, ಇಲ್ಲದಿದ್ದರೆ ಆ ಬಾಯ್ಲರ್ ಬೇಡ. ಚಿಮಣಿಯಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಸೌದೆ ಒಮ್ಮೆಗೇ ಜಾಸ್ತಿ ತುಂಬಿದ್ದಾರೆ. ದಟ್ಟ ಬಿಳಿ ಬಂದರೆ ಸೌದೆ ಹಸಿ. ಏನೂ ಕಾಣದಂತೆ ಬಿಸಿಗಾಳಿ ಮಾತ್ರ ನಡುಗುತ್ತಿದ್ದರೆ ಸರಿಯಾಗಿ ಉರಿಯುತ್ತಿದೆ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಹಾಕಬೇಕು. ಬಾಗಿಲು ತೆಗೆದಿಟ್ಟು ಹರಟೆ ಹೊಡೆದರೆ ತಣ್ಣನೆ ಗಾಳಿ ನುಗ್ಗಿ ಶಾಖವೆಲ್ಲ ಚಿಮಣಿಗೆ ಹೋಗುತ್ತದೆ.

ಇನ್ನು ಈ ಕಿವಿಮಾತಿನ ಮುಖ್ಯ ಭಾಗ. ಇದನ್ನು ಎರಡು ಸಲ ಓದು.

ಎಣ್ಣೆ ಬಾಯ್ಲರಿಗೂ ಸೌದೆ ಬಾಯ್ಲರಿಗೂ ಇರುವ ದೊಡ್ಡ ವ್ಯತ್ಯಾಸ ದುಡ್ಡಿನದಲ್ಲ. ಎಣ್ಣೆಯ ಬೆಂಕಿಯನ್ನು ಆರಿಸಬಹುದು, ಸೌದೆಯ ಬೆಂಕಿಯನ್ನು ಹಾಗೆ ಆರಿಸಲಾಗುವುದಿಲ್ಲ. ಈಗಿನ ನಿನ್ನ ಬಾಯ್ಲರಿನಲ್ಲಿ ನೀರು ಇಳಿದರೆ ಸ್ವಿಚ್ಚು ಬರ್ನರನ್ನು ಕಡಿಯುತ್ತದೆ, ಜ್ವಾಲೆ ಆ ಕ್ಷಣವೇ ನಿಲ್ಲುತ್ತದೆ. ಸೌದೆ ಬಾಯ್ಲರಿನಲ್ಲಿ ಅದೇ ಸ್ವಿಚ್ಚು ಫ್ಯಾನನ್ನು ನಿಲ್ಲಿಸಬಹುದು, ಗಂಟೆ ಬಾರಿಸಬಹುದು, ಅಷ್ಟೇ. ಜಾಲರಿಯ ಮೇಲಿನ ಕೆಂಡ ಉರಿಯುತ್ತಲೇ ಇರುತ್ತದೆ, ನೀರು ಕುದಿಯುತ್ತಲೇ ಇರುತ್ತದೆ. ನಮ್ಮೂರಿನಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಕರೆಂಟು ಹೋದರೆ ಫೀಡ್ ಪಂಪು ನಿಂತಿತು, ಒಳಗೆ ಕೆಂಡ ಹಾಗೇ ಇದೆ. ಅಲ್ಲಿಂದ ಮುಂದಿನ ಕಾಲು ಗಂಟೆಯಲ್ಲಿ ಏನಾಗುತ್ತದೆ ಎಂಬುದು ಪೂರ್ತಿ ಬಾಯ್ಲರ್ ಮುಂದೆ ನಿಂತವನ ಕೈಯಲ್ಲಿರುತ್ತದೆ.

ಆದ್ದರಿಂದ ಎರಡನೆಯ ಫೀಡ್ ವ್ಯವಸ್ಥೆ ಇಲ್ಲದ ಸೌದೆ ಬಾಯ್ಲರನ್ನು ಯಾವ ಬೆಲೆಗೂ ಕೊಳ್ಳಬೇಡ. ಅದು ಜನರೇಟರಿಗೆ ಜೋಡಿಸಿದ ಪಂಪಾಗಲಿ, ಬಾಯ್ಲರಿನ ಆವಿಯಿಂದಲೇ ನಡೆಯುವ ಇಂಜೆಕ್ಟರ್ ಆಗಲಿ. ಗೇಜ್ ಗ್ಲಾಸು ಎರಡಿರಲಿ, ಅವಕ್ಕೆ ಬೆಳಕು ಬೀಳುವಂತಿರಲಿ. ಬೆಳಿಗ್ಗೆ ಬೆಂಕಿ ಹಚ್ಚುವ ಮುಂಚೆ ಆ ಗ್ಲಾಸಿನ ಕೆಳಗಿನ ಕಾಕ್ ತೆಗೆದು ನೀರು ಬಿಟ್ಟು ಮತ್ತೆ ಮುಚ್ಚಬೇಕು. ನೀರು ಥಟ್ಟನೆ ಮೇಲೇರಿ ನಿಂತರೆ ದಾರಿ ಸ್ವಚ್ಛವಾಗಿದೆ ಎಂದರ್ಥ. ನಿಧಾನವಾಗಿ ತೆವಳಿದರೆ ಒಳಗೆ ಕಸ ಕಟ್ಟಿದೆ, ಅಲ್ಲಿ ಕಾಣುವ ನೀರು ನಿಜವಾದ ನೀರಲ್ಲ. ಸೇಫ್ಟಿ ವಾಲ್ವಿನ ಸ್ಪ್ರಿಂಗು ಬಿಗಿ ಮಾಡುವ ಅಧಿಕಾರ ನಿನ್ನ ಘಟಕದಲ್ಲಿ ಯಾರಿಗೂ ಇಲ್ಲ, ನಿನಗೂ ಇಲ್ಲ. ಗ್ಲಾಸಿನಲ್ಲಿ ನೀರು ಕಾಣದಂತಾದರೆ ಗಾಬರಿಯಲ್ಲಿ ಪಂಪು ಹಾಕಬಾರದು. ಕಾದು ಕೆಂಪಾದ ಟ್ಯೂಬಿನ ಮೇಲೆ ತಣ್ಣೀರು ಬಿದ್ದರೆ ಬಾಯ್ಲರೇ ಸಿಡಿಯಬಹುದು. ಫ್ಯಾನು ನಿಲ್ಲಿಸಬೇಕು, ಗಾಳಿಯ ದಾರಿ ಮುಚ್ಚಬೇಕು, ಎಲ್ಲರನ್ನೂ ಹೊರಗೆ ಕಳಿಸಬೇಕು, ತಾನಾಗಿ ತಣ್ಣಗಾಗಲು ಬಿಡಬೇಕು. ಟ್ಯೂಬು ಹೋದರೆ ಹೋಗಲಿ. ಇದನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ ಬಾಯ್ಲರ್ ಎದುರಿನ ಗೋಡೆಗೆ ಹಾಕಿಸು. ಹೊರ ರಾಜ್ಯದ ಹುಡುಗ ಕೆಲಸಕ್ಕಿದ್ದರೆ ಅವನ ಭಾಷೆಯಲ್ಲೂ ಬರೆಸು.

ಅಟೆಂಡೆಂಟನ್ನು ಆರಿಸುವಾಗ ಸರ್ಟಿಫಿಕೇಟ್ ನೋಡು, ಅದು ಕಾನೂನಿನ ಮಾತು. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯವರು ವರ್ಷಕ್ಕೊಮ್ಮೆ ಬಾಯ್ಲರ್ ಪರೀಕ್ಷೆ ಮಾಡುತ್ತಾರೆ, 1923ರ ಹಳೆಯ ಕಾಯ್ದೆಯ ಜಾಗಕ್ಕೆ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಕೆಲವು ಮಾರಾಟಗಾರರು 25 ಲೀಟರಿಗಿಂತ ಕಡಿಮೆ ನೀರು ಹಿಡಿಯುವಂತೆ ಮಾಡಿದ್ದನ್ನು 'ನಾನ್ ಐಬಿಆರ್', ಅಂದರೆ ಬಾಯ್ಲರ್ ನಿಯಮದ ವ್ಯಾಪ್ತಿಗೆ ಬಾರದ್ದು, ಎಂದು ತೋರಿಸಿ, ಇನ್‌ಸ್ಪೆಕ್ಷನ್ ರಗಳೆ ಇಲ್ಲ ಎಂದು ಆಸೆ ಹುಟ್ಟಿಸುತ್ತಾರೆ. ಸೌದೆಯ ಬೆಂಕಿಗೆ ಅಷ್ಟು ಕಡಿಮೆ ನೀರು ಎಂದರೆ ತಪ್ಪು ತಿದ್ದಿಕೊಳ್ಳಲು ಅಷ್ಟೇ ಕಡಿಮೆ ಸಮಯ. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ನೋಡುವುದು ನಿನ್ನ ಕೆಲಸಗಾರರ ಜೀವಕ್ಕೆ ಕಾವಲು, ಅದನ್ನು ರಗಳೆ ಎಂದುಕೊಳ್ಳಬೇಡ.

ಸರ್ಟಿಫಿಕೇಟಿನ ಆಚೆಗೆ ಮನುಷ್ಯನನ್ನು ನೋಡು. ಬಾಯ್ಲರ್ ನೋಡಿಕೊಳ್ಳುವವನು ಹಸುಗೂಸಿನ ತಾಯಿಯ ಹಾಗೆ, ಬೇರೆ ಕೆಲಸದಲ್ಲಿದ್ದರೂ ಕಿವಿ ಒಂದು ಆ ಕಡೆಯೇ ಇರಬೇಕು. ಅಂಥವನಿಗೆ ಬಾಯ್ಲರ್ ಬಿಟ್ಟು ನೂಲಿನ ಲಡಿ ಹೊರು, ಗೇಟಿಗೆ ಹೋಗಿ ಲಾರಿ ನೋಡು ಎಂದು ಕೆಲಸ ಹಚ್ಚಬೇಡ. ಅವನಿಗೆ ಒಂದು ಕುರ್ಚಿ, ಒಂದು ಫ್ಯಾನು, ಕುಡಿಯಲು ನೀರು, ಹೊಗೆ ಧೂಳಿಗೆ ಮಾಸ್ಕು, ಬೂದಿ ತೆಗೆಯಲು ಬೂಟು, ಕೈಗೆ ಗ್ಲೌಸು ಕೊಡು. ಎರಡು ಶಿಫ್ಟ್ ಸೇರಿಸಿ ದುಡಿಸಬೇಡ. ರಜೆ ಹಾಕಿದಾಗ ನಿಲ್ಲಲು ಇನ್ನೊಬ್ಬನನ್ನು ತಯಾರು ಮಾಡಿಟ್ಟುಕೋ. ಡೀಸೆಲ್‌ನಿಂದ ಉಳಿಯುವ ದುಡ್ಡಿನಲ್ಲಿ ಮೊದಲ ಪಾಲು ಅವನದು. ಆ ಉಳಿತಾಯವನ್ನು ದಿನವೂ ಮಾಡಿಕೊಡುವವನು ಅವನೇ.

ನೀರನ್ನೂ ಮರೆಯಬೇಡ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಟ್ಯೂಬಿನ ನೀರು ತಾಗುವ ಬದಿಗೆ ಒಂದು ಮಿಲಿಮೀಟರ್ ಉಪ್ಪಿನ ಪದರ ಕಟ್ಟಿದರೆ ಇಂಧನ ನೂರಕ್ಕೆ ಐದರಿಂದ ಎಂಟು ಪಾಲು ಜಾಸ್ತಿ ಹೋಗುತ್ತದೆ, ಟ್ಯೂಬೂ ಬೇಗ ಹಾಳಾಗುತ್ತದೆ. ಸಾಫ್ಟ್‌ನರ್ ಇದ್ದರೆ ಸಾಲದು, ಅದಕ್ಕೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕಬೇಕು, ದಿನಕ್ಕೊಮ್ಮೆ ನೀರಿನ ಗಡಸುತನ ಪರೀಕ್ಷೆ ಮಾಡಿ ಬರೆದಿಡಬೇಕು. ಬೂದಿ ತೆಗೆದಮೇಲೆ ಮುಚ್ಚಳವಿರುವ ಕಬ್ಬಿಣದ ಡ್ರಮ್ಮಿನಲ್ಲಿ ಒಂದು ಪೂರ್ತಿ ದಿನ ಇಡಬೇಕು. ಆರಿದಂತೆ ಕಾಣುವ ಬೂದಿಯೊಳಗೆ ಕೆಂಡ ಬದುಕಿರುತ್ತದೆ, ಅದನ್ನು ಸೌದೆ ಶೆಡ್ಡಿನ ಪಕ್ಕ ಸುರಿದರೆ ರಾತ್ರಿ ಬೆಂಕಿ. ತಣ್ಣಗಾದ ಸೌದೆ ಬೂದಿಯಲ್ಲಿ ಪೊಟ್ಯಾಷ್ ಇದೆ, ತೋಟದವರು ಕೇಳಿ ಒಯ್ಯುತ್ತಾರೆ, ಕೊಡು.

ಗ್ಯಾಸಿಫೈಯರ್ ಹಾಕಿಸಬಹುದಲ್ಲ ಎಂದೂ ಕೇಳಿದ್ದೀಯಂತೆ. ಸೌದೆಯನ್ನು ಅರೆಬರೆ ಉರಿಸಿ ಗ್ಯಾಸು ಮಾಡಿ ಅದನ್ನು ಬರ್ನರಿಗೆ ಕೊಡುವ ವಿದ್ಯೆ ಒಳ್ಳೆಯದೇ, ಟಾಟಾ ಇನ್‌ಸ್ಟಿಟ್ಯೂಟಿನವರು ಅದರಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅದರಿಂದ ಊರಿಗೇ ದೀಪ ಹತ್ತಿಸಿದರು. ಆದರೆ ಅದಕ್ಕೆ ಒಂದೇ ಅಳತೆಗೆ ಕತ್ತರಿಸಿದ ಪೂರ್ತಿ ಒಣಗಿದ ಚಕ್ಕೆ ಬೇಕು, ಟಾರು ತೊಳೆಯಬೇಕು, ಆ ಗ್ಯಾಸಿನಲ್ಲಿ ವಾಸನೆಯಿಲ್ಲದ ವಿಷವಾದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಪಳಗಿದ ಕೈ ಇಲ್ಲದ ಸಣ್ಣ ಘಟಕಕ್ಕೆ ನಾನು ಹೇಳುವುದಿಲ್ಲ.

ಇನ್ನು ನಿನ್ನ ಕೆಲಸ ಹೀಗೆ ನಡೆಯಲಿ. ಈ ತಿಂಗಳು ನೀರಿನ ಮೀಟರ್ ಹಾಕಿಸಿ ಪುಸ್ತಕ ಶುರು ಮಾಡು, ಬಿಸಿನೀರಿನ ಪೈಪುಗಳಿಗೆ ಹೊದಿಕೆ ಸುತ್ತಿಸು, ಕಾಯಿಲ್ ನೀರು ವಾಪಸ್ ತಿರುಗಿಸು. ಮುಂದಿನ ತಿಂಗಳು ಸೌದೆ, ಬ್ರಿಕೆಟ್ ಕೊಡುವ ಮೂವರ ಹತ್ತಿರ ಮಾತಾಡಿ ಅರ್ಧರ್ಧ ಟನ್ ತರಿಸಿ ತೂಗು, ಒಣಗಿಸು, ಸುಟ್ಟು ನೋಡು. ಸೌದೆ ಬಾಯ್ಲರ್ ಎರಡು ಮಳೆಗಾಲ ಕಳೆದ ಘಟಕ ಒಂದಕ್ಕೆ ಹೋಗು. ಅಲ್ಲಿನ ಓನರ್ ಜೊತೆ ಮಾತಾಡಿದ ಮೇಲೆ ಬೆಂಕಿ ನೋಡುವವನ ಹತ್ತಿರವೂ ಕೂತು ಕೇಳು. ಟ್ಯೂಬು ಉಜ್ಜುವುದು ಸುಲಭವೇ, ಬೂದಿ ಬಾಗಿಲು ಕೈಗೆ ಎಟುಕುತ್ತದೆಯೇ, ಕಂಪನಿಯವರು ಕರೆದಾಗ ಬಂದರೇ ಎಂಬುದಕ್ಕೆ ಅವನ ಉತ್ತರದಷ್ಟು ನಂಬಿಕೆಯದು ಯಾವ ಕೊಟೇಶನ್‌ನಲ್ಲೂ ಇಲ್ಲ. ನಿನ್ನ ಅಟೆಂಡೆಂಟನ್ನು ಆಗಲೇ ಗೊತ್ತುಮಾಡಿಕೊಂಡಿದ್ದರೆ ಅವನನ್ನೂ ಕರೆದುಕೊಂಡು ಹೋಗು, ಅವನು ಒಪ್ಪಿದ ಬಾಯ್ಲರನ್ನೇ ತಾ.

ಇಷ್ಟೆಲ್ಲ ಆದ ಮೇಲೆ ಬೀರು ತೆಗೆದು ಆ ಮೂರು ಕಾಗದ ನೋಡು. ಡೀಸೆಲ್ ಬಾಯ್ಲರನ್ನು ಗುಜರಿಗೆ ಹಾಕಬೇಡ, ಒಂದು ವರ್ಷ ಸ್ಟ್ಯಾಂಡ್‌ಬೈ ಇರಲಿ. ಅಡ್ವಾನ್ಸ್ ಕೊಡುವ ದಿನ ನನಗೊಂದು ಫೋನ್ ಮಾಡು, ಡ್ರಾಯಿಂಗ್ ತರಿಸಿಕೊಂಡು ಇಬ್ಬರೂ ಕೂತು ಒಂದೊಂದು ವಾಲ್ವನ್ನೂ ನೋಡೋಣ.

ನಿನ್ನ ದೊಡ್ಡಪ್ಪ